ಗೆಳೆಯನ ನೆತ್ತಿಯ ಸುಳಿ

ನಮ್ಮ ಯಜಮಾನರದು ಕ್ಷೌರದ ಅಂಗಡಿ. ಅವರ ಜೀವದ ಗೆಳೆಯ ಹೆಂಡತಿಯನ್ನು ಕರೆದುಕೊಂಡು ದ್ವೀಪವೊಂದಕ್ಕೆ ಹೋಗಿ ನೆಲೆಸುವವರೆಗೆ, ಆತನ ತಲೆಗೆ ಇವರ ಕತ್ತರಿ ಬಿಟ್ಟರೆ ಬೇರೆ ಕತ್ತರಿ ತಾಗಿರಲಿಲ್ಲ. ಈ ಸಲ ರಜೆಗೆ ನಾವು ಅಲ್ಲಿಗೇ ಹೋದೆವು.

ದೋಣಿ ದಡ ಮುಟ್ಟಿತು. ಹಸಿರು ಸಮುದ್ರ, ಬಾಗಿದ ತೆಂಗಿನ ಮರಗಳು, ಕೈ ಬೀಸುತ್ತಾ ನಿಂತ ಗೆಳೆಯ. ಇವರ ಕಣ್ಣು ಮಾತ್ರ ನೆಟ್ಟಗೆ ಆತನ ತಲೆಗೆ ಹೋಯಿತು. ಕಟಿಂಗ್ ಅಚ್ಚುಕಟ್ಟಾಗಿತ್ತು. ನೆತ್ತಿಯ ಸುಳಿಯ ಬಳಿ ಸದಾ ನಿಗುರಿ ನಿಲ್ಲುತ್ತಿದ್ದ ಕೂದಲು ಕೂಡ ತೆಪ್ಪಗೆ ಮಲಗಿತ್ತು. ಇವರ ಮುಖ ಹರಳೆಣ್ಣೆ ಕುಡಿದಂತಾಯಿತು.

ಸಮುದ್ರಕ್ಕಿಳಿದರೂ ಅದೇ ಧ್ಯಾನ, ಊಟಕ್ಕೆ ಕೂತರೂ ಅದೇ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು: "ಯಾರೋ ಅವನು, ನಿನಗೆ ಕಟಿಂಗ್ ಮಾಡಿದ್ದು?"

"ಇವಳೇ ಕಣೋ," ಎಂದು ಗೆಳೆಯ ಹೆಂಡತಿಯತ್ತ ಕೈ ತೋರಿಸಿದ. "ಬೇರೆಯವರ ಕೈಗೆ ತಲೆ ಕೊಡೋಕೆ ಮನಸ್ಸು ಬರ್ಲಿಲ್ಲ. ನೀನು ಹೇಗೆ ಮಾಡ್ತಿದ್ದೆ ಅಂತ ಹೇಳಿ ಹೇಳಿ ಕಲಿಸ್ದೆ."

ಇಷ್ಟಕ್ಕಾದರೂ ಸುಮ್ಮನಾಗಬೇಡವೇ? "ಎಡಗಿವಿ ಹತ್ರ ಸ್ವಲ್ಪ ಉದ್ದ ಉಳಿದಿದೆ, ಕೂತ್ಕೋ," ಎಂದು ರಜೆಯ ಬಟ್ಟೆ ತುಂಬಿದ್ದ ಚೀಲದ ತಳದಿಂದ ಕತ್ತರಿ ತೆಗೆದರು! ಗೆಳೆಯ ನಗುತ್ತಾ ಕೂತ.

"ಸುಳಿ ಹತ್ರ ಹುಷಾರು ಅಣ್ಣ," ಎಂದಳು ಆತನ ಹೆಂಡತಿ.

"ನನಗೆ ಗೊತ್ತಿಲ್ವೇನಮ್ಮಾ?" ಎಂದು ಇವರು ಗುರ್ ಎಂದರು.

ಒಂದು ತಲೆಗೆ ಇಬ್ಬರ ಜಗಳ. ನಾನು ಕಡಲ ಕಡೆ ಮುಖ ತಿರುಗಿಸಿದೆ. ನನಗೆ ಹೊಟ್ಟೆ ಉರಿದದ್ದು ಆಗ. ಮೂರು ಮಕ್ಕಳ ತಾಯಿ ನಾನು. ನನ್ನ ನೆತ್ತಿಯಲ್ಲಿರುವುದು ಒಂದು ಸುಳಿಯೋ ಎರಡೋ, ಈ ಮನುಷ್ಯನನ್ನು ಕೇಳಿ ನೋಡಿ.