ಅತ್ತೆಯ ಕರಡಿಗೆಗೆ ಹೊಂದಿದ ಮಲ್ಟಿಟೂಲ್

ನನ್ನ ಬಳಿ ಮೂರು ಮಲ್ಟಿಟೂಲುಗಳಿವೆ. ಚಾಕು, ಕತ್ತರಿ, ಇಕ್ಕಳ, ಸ್ಕ್ರೂಡ್ರೈವರುಗಳೆಲ್ಲ ಒಂದೇ ಹಿಡಿಯೊಳಗೆ ಮಡಚಿಕೊಂಡು ಕೂರುವ ಉಪಕರಣ ಅದು. ಆದೋನಿಯ ನಮ್ಮ ಓಣಿಯಲ್ಲಿ ಇಂಥದ್ದನ್ನು ಚೀಲದಲ್ಲಿಟ್ಟುಕೊಂಡು ತಿರುಗುವ ಹೆಂಗಸು ನಾನೊಬ್ಬಳೇ ಎನ್ನುತ್ತಾರೆ ನಮ್ಮತ್ತೆ. ಎಲ್ಲರ ಚೀಲ ನೋಡಿ ಹೇಳುತ್ತಾರೆಯೇ ಎಂದು ಕೇಳುವ ಧೈರ್ಯ ನನಗಾಗಿಲ್ಲ.

ನಾನು ಇತಿಹಾಸ ಕಲಿಸಲು ದಿನವೂ ಬಸ್ಸು, ಶೇರ್ ಆಟೊ ಬದಲಿಸಿಕೊಂಡು ಚಿಪ್ಪಗಿರಿಯ ಕಡೆಯ ಕಾಲೇಜಿಗೆ ಹೋಗುತ್ತೇನೆ. ದಾರಿಯಲ್ಲಿ ಒಂದಲ್ಲ ಒಂದು ಸಡಿಲವಾದ ಸ್ಕ್ರೂ ಎದುರಾಗುತ್ತದೆ. ಪರ್ಸಿಗೆಂದು ಎಟಿಎಂ ಕಾರ್ಡಿನಂಥ ಉಕ್ಕಿನ ತಗಡು ಕೊಂಡೆ. ಅದರಲ್ಲಿ ಬೋಲ್ಟು ತಿರುವುವ ಪಾನಾದ ಕೆಲಸ ಮಾಡಬೇಕಾದ ತೂತುಗಳಿವೆ. ನಾನು ಈವರೆಗೆ ಕಂಡ ಯಾವ ಬೋಲ್ಟೂ ಅವುಗಳಲ್ಲಿ ಕೂತಿಲ್ಲ. ಬೀಗದಕೈ ಗೊಂಚಲಿಗೆಂದು ಹೆಬ್ಬೆರಳಿನಷ್ಟು ಸಣ್ಣದೊಂದು: ಪುಟ್ಟ ಕತ್ತರಿ, ಉಗುರಿನ ಅರ, ಬದಿಯಿಂದ ಎಳೆದರೆ ಬರುವ ಹಲ್ಲುಕಡ್ಡಿ. ಮೂರನೆಯದು ದೊಡ್ಡದು, ಇಕ್ಕಳವಾಗಿ ಬಿಚ್ಚಿಕೊಳ್ಳುವಂಥದ್ದು. ಯಾವ ಕೆಲಸಕ್ಕೆ ಯಾವುದು ಸರಿ ಎಂದು ಇಂಟರ್ನೆಟ್ಟಿನಲ್ಲಿ ರಾತ್ರಿಗಟ್ಟಲೆ ಓದಿ ಆರಿಸಿದವು. ಉಕ್ಕು ಎಂಥದ್ದು, ತೂಕ ಎಷ್ಟು, ಹಿಡಿತ ಹೇಗೆ ಎಂದೆಲ್ಲ ಅಲ್ಲಿ ಹೇಳಿದ್ದರು. ಅತ್ತೆ ಕೇಳಿದ್ದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಅವರು ಕೇಳಿದ್ದು ಕಳೆದ ಆಯುಧಪೂಜೆಯ ದಿನ. ಆ ದಿನದ ಬಗ್ಗೆ ನಮ್ಮ ಮನೆಯ ನಾಲ್ವರೂ ನಾಲ್ಕು ಬಗೆಯಲ್ಲಿ ಹೇಳುತ್ತೇವೆ. ನಾನು ಡೈರಿಯಲ್ಲಿ ಬರೆದಿದ್ದೇನೆ ನಿಜ. ಆದರೆ ಬರೆದದ್ದು ಊಟವಾದ ಮೇಲೆ. ಹೊಟ್ಟೆ ತುಂಬಿದವಳು ಹಸಿವಿನ ಬಗ್ಗೆ ಬರೆದದ್ದನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ಸಂಜೆಯೇ ಆಯುಧಗಳನ್ನು ತೊಳೆದು ದೇವರ ಜಗುಲಿಯ ಮುಂದೆ ಸಾಲಾಗಿ ಇಡುತ್ತಾರೆ. ಈಳಿಗೆ, ಕುಡುಗೋಲು, ಸುತ್ತಿಗೆ, ಕಟಿಂಗ್ ಪ್ಲೇಯರ್, ಕತ್ತರಿ, ಗಂಡನ ಹತ್ತಿ ಅಂಗಡಿಯ ಹಳೆಯ ತಕ್ಕಡಿ. ಎಲ್ಲಕ್ಕೂ ವಿಭೂತಿಯ ಮೂರು ಗೆರೆ, ಒಂದು ಚೆಂಡುಹೂವು. ಒಮ್ಮೆ ಇಟ್ಟರೆ ಹಬ್ಬದ ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಅವಕ್ಕೂ ವರ್ಷಕ್ಕೊಂದು ರಜೆ. ನಾನು ನನ್ನ ಮೂರನ್ನೂ ತಂದು ಸಾಲಿನ ಕೊನೆಯಲ್ಲಿ ಇಡಲು ಹೋದೆ.

"ಏ ತಂಗಿ, ಅವನ್ನ ತಗಿ," ಅಂದರು ಅತ್ತೆ. "ಆಟಿಗಿ ಸಾಮಾನ ಅವು."

"ಇದೂ ಆಯುಧನ ರಿ ಅತ್ತಿ. ಚಾಕು ಐತಿ, ಇಕ್ಕಳ ಐತಿ."

"ಆಯುಧ ಅಂದ್ರ ಒಂದು ಕೆಲಸಕ್ಕ ಒಂದು ಇರಬೇಕು. ಎಲ್ಲಾ ನಾನ ಮಾಡ್ತೀನಿ ಅನ್ನಾವು ಎಲೆಕ್ಷನ್‌ದಾಗ ನಿಂತಿರ್ತಾವ. ತಗಿ."

ತೆಗೆದೆ. ಬೇಸರವಾಯಿತು ಎಂದು ಡೈರಿಯಲ್ಲಿದೆ. ಅಷ್ಟು ಬೇಸರವಾಗಿರಲಾರದು.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಮಣೆಯ ಮೇಲೆ ಕೂತರು. ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಲಿಂಗವನ್ನು ಹೊರತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಒಂದು ಗುಟುಕು ನೀರನ್ನೂ ಕುಡಿಯುವವರಲ್ಲ. ನಂದವರದ ತವರಿನಲ್ಲಿದ್ದಾಗ ಜ್ವರದಲ್ಲೂ ತಪ್ಪಿಸಿಲ್ಲವಂತೆ. ಹಿಂದಿನ ದಿನ ಕರಡಿಗೆಯ ಮುಚ್ಚಳ ಸಡಿಲವಾಗಿದೆ ಎಂದು ಅಕ್ಕಸಾಲಿಗರ ಹತ್ತಿರ ಬಿಗಿ ಮಾಡಿಸಿಕೊಂಡು ಬಂದಿದ್ದರು. ಬಹಳ ಚೆನ್ನಾಗಿ ಬಿಗಿಯಾಗಿತ್ತು.

"ಇದು ಬರವಲ್ದು," ಅಂದರು.

ಉಗುರು ಹಾಕಿದರು. ಸೆರಗಿನಿಂದ ಹಿಡಿದು ಎಳೆದರು. ಚಮಚದ ಹಿಡಿ ಹಾಕಿದಾಗ ಚಮಚ ಬಾಗಿತು. ಕೊಬ್ಬರಿ ಎಣ್ಣೆ ಬಿಟ್ಟ ಮೇಲೆ ಕೈಯೇ ಜಾರತೊಡಗಿತು. ಅತ್ತೆಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಬೇಕು, ನುಂಗಿದ ಮೇಲೆ ತಿನ್ನಬೇಕು, ಹಸಿದು ಕೂರಬಾರದು ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದಾರೆ. ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ತಯಾರಾಗಿತ್ತು. ಮನೆಯ ಹಿರಿಯರ ಪೂಜೆಯಾಗದೆ ಒಲೆಯ ಮೇಲೆ ಹಂಚು ಇಡುವಂತಿಲ್ಲ.

ಗಂಡ ಅಕ್ಕಸಾಲಿಗರಿಗೆ ಫೋನು ಮಾಡಿದರು. ಬರುತ್ತೇನೆ, ಆದರೆ ಬರಿಗೈಯಲ್ಲಿ ಬರುತ್ತೇನೆ, ಸಾಮಾನೆಲ್ಲ ಪೂಜೆಗೆ ಕೂತಿವೆ ಎಂಬ ಉತ್ತರ ಬಂತು. ಓಣಿಯಲ್ಲಿ ವಿಚಾರಿಸಿದರೆ ಎಲ್ಲರ ಇಕ್ಕಳಕ್ಕೂ ವಿಭೂತಿ ಬಿದ್ದಿತ್ತು. ಬಜಾರಿನಲ್ಲಿ ಪೂಜೆಯಾಗದೆ ಯಾರೂ ಅಂಗಡಿಯ ಶಟರ್ ಎತ್ತುವುದಿಲ್ಲ. ಆ ಬೆಳಿಗ್ಗೆ ನಮಗೆ ತಿಳಿದ ಮಟ್ಟಿಗೆ ಪೂಜೆಗೆ ಕೂರದ ಉಪಕರಣಗಳೆಂದರೆ ನನ್ನ ಮೂರು.

ಮೈದುನ ನಗತೊಡಗಿದ. ಅಣ್ಣನ ಜೊತೆ ಅಂಗಡಿ ನೋಡಿಕೊಳ್ಳುವವನು, ಓದಿದ್ದೆಲ್ಲ ತೆಲುಗಿನಲ್ಲಿ, ನನ್ನನ್ನು ಅತ್ತಿಗೆ ಎಂದು ಕರೆಯುವುದೂ ತೆಲುಗಿನಲ್ಲೇ. "ವದಿನಾ, ನಿಮ್ಮ ಎಲೆಕ್ಷನ್ ಪಾರ್ಟಿನ ಕರ್ಕಂಡ್ ಬರ್ರಿ. ಈಗ ಅವರದ ಸರ್ಕಾರ."

ಮೂರನ್ನೂ ತಂದು ಅತ್ತೆಯ ಮುಂದೆ ಇಟ್ಟೆ. ಅತ್ತೆ ಮುಟ್ಟಲಿಲ್ಲ.

"ಇವು ಏನೇನ್ ಮುಟ್ಟ್ಯಾವು ಹೇಳು ಮದಲ."

ಇತಿಹಾಸ ಕಲಿಸುವವಳಿಗೆ ಇಂಥ ಪ್ರಶ್ನೆ ಬಂದಾಗ ಸಂತೋಷವಾಗಬೇಕು. ನನಗೆ ಆಗಲಿಲ್ಲ.

ತಗಡಿನದನ್ನು ತೋರಿಸಿದೆ. ಇದು ಏನೂ ಮಾಡಿಲ್ಲ, ಇದರಿಂದ ಏನೂ ಆಗುವುದೇ ಇಲ್ಲ ಅಂದೆ. ಮೈದುನ ಕೆಮ್ಮಿದ. ಅತ್ತೆ ಅವನ ಕಡೆ ತಿರುಗಿದರು.

"ಏನಲೇ?"

"ಏನಿಲ್ಲಮ್ಮಾ. ಒಂದ್ಸಲ ಬಾಟ್ಲಿ ತಗದಿದ್ದೆ."

"ಏನ್ ಬಾಟ್ಲಿ?"

"ಸೋಡಾ."

"ಸೋಡಾ ಕುಡುದು ಅವತ್ತು ಪಕ್ಕದ ಮನಿ ಬಾಗಲ ಬಡದೇನು?"

ತಗಡು ಪಕ್ಕಕ್ಕೆ ಹೋಯಿತು. ಎರಡನೆಯ ಸಣ್ಣದರಲ್ಲಿ ಉಗುರಿನ ಅರ ಇರುವುದನ್ನು ಅತ್ತೆಯೇ ಕಂಡರು. ಹಲ್ಲುಕಡ್ಡಿಯನ್ನು ಮುಚ್ಚಿಡಲು ನೋಡಿದೆ, ಆಗಲಿಲ್ಲ. ಅದನ್ನು ಎಳೆದು ನೋಡಿ ಮುಖ ಸಿಂಡರಿಸಿದರು. "ಎಂಜಲ ಇದು. ಲಿಂಗದ ಹತ್ರ ಎಂಜಲ ತರ್ತಿ ಏನ?"

ದೊಡ್ಡದು ಉಳಿಯಿತು. ಅದರ ಚೀಲ ಚರ್ಮದ್ದು. ಚೀಲವನ್ನು ಅವರಿಗೆ ಕಾಣದಂತೆ ಮೊದಲೇ ಕಿಸೆಗೆ ಹಾಕಿಕೊಂಡಿದ್ದೆ.

"ಇದು?"

"ಬಸ್ಸಿನ ಕಿಟಕಿ ರಿ. ಕಾಲೇಜಿನ ಬೀರು. ಮಾವಿನಹಣ್ಣು."

"ಮತ್ತ?"

"ಮತ್ತ ನೆನಪಿಲ್ರಿ ಅತ್ತಿ."

"ನೆನಪಿಲ್ಲ ಅಂದ್ರ ಮುಟ್ಟೇತಿ ಅಂತನ ಅರ್ಥ."

ದಾಖಲೆ ಇಲ್ಲದ ಮಾತ್ರಕ್ಕೆ ಘಟನೆ ನಡೆದಿಲ್ಲ ಎನ್ನಬೇಡಿ ಎಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಯೋಚಿಸುತ್ತ ಹೋದಂತೆ ಮಾಧವರದ ಹತ್ತಿರ ತುಂಗಭದ್ರೆಯ ದಡಕ್ಕೆ ಕಾಲೇಜಿನವರೆಲ್ಲ ಹೋಗಿದ್ದು ನೆನಪಾಯಿತು. ಒಲೆಗಳ ಮೇಲೆ ಎರಡು ಪಾತ್ರೆಗಳಿದ್ದವು. ನಾನು ಬಡಿಸಿಕೊಂಡದ್ದು ಬದನೆಕಾಯಿ ಇದ್ದ ಪಾತ್ರೆಯಿಂದ. ನಮ್ಮ ಮನೆಯಲ್ಲಿ ಹೆಸರೆತ್ತದ ಅಡುಗೆಯಿದ್ದ ಇನ್ನೊಂದು ಪಾತ್ರೆಯ ಕಡೆ ಕೂತಿದ್ದ ಸಹೋದ್ಯೋಗಿಯೊಬ್ಬರು ಮಲ್ಟಿಟೂಲನ್ನು ಸ್ವಲ್ಪ ಹೊತ್ತು ಇಸಿದುಕೊಂಡಿದ್ದರು. ವಾಪಸು ಕೊಡುವಾಗ ಅದು ಒದ್ದೆಯಾಗಿತ್ತು. ಒದ್ದೆಯಾಗಿತ್ತು ಎಂದರೆ ತೊಳೆದಿದ್ದರು. ಯಾಕೆ ತೊಳೆದರು? ಅಥವಾ ಹೊಳೆಗೆ ಬಿದ್ದಿತ್ತೇ? ಅಥವಾ ಒದ್ದೆಯಾಗಿದ್ದದ್ದು ನನ್ನ ಕೈಯೇ? ಇದನ್ನೆಲ್ಲ ಜೋರಾಗಿ ಹೇಳಿಬಿಟ್ಟೆನೆಂದು ಕಾಣುತ್ತದೆ, ಏಕೆಂದರೆ ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಸುಳ್ಳು ಹೇಳಾಕೂ ಬರಂಗಿಲ್ಲಲ್ಲ ನಿನಗ," ಅಂದರು.

ಅತ್ತೆಯ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತ್ತು. ಕರಡಿಗೆ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡೆ. ಅವರು ತುಟಿ ಬಿಗಿಹಿಡಿದು ತಲೆಯಾಡಿಸಿದರು. ಆ ಮುಚ್ಚಳ ಮತ್ತು ಆ ತುಟಿ, ಎರಡೂ ತೆರೆಯುವಂತಿರಲಿಲ್ಲ. ಆಗ ನನಗೆ ನಗು ಹೋಗಿ ಹೆದರಿಕೆಯಾಯಿತು.

ಗಂಡ ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋದರು. ಹಿಂದಿನ ವರ್ಷ ಹತ್ತಿ ಹಿಂಜುವ ಮಷಿನ್ ಮಾರುವವನು ದಸರಾ ಕಾಣಿಕೆ ಎಂದು ಅಂಗಡಿಗೆ ಕೊಟ್ಟಿದ್ದ ಒಂದು ಮಲ್ಟಿಟೂಲು ಬೀರುವಿನಲ್ಲಿ ಬಿದ್ದಿತ್ತಂತೆ. ನನ್ನ ಕಣ್ಣಿಗೆ ಬೀಳಬಾರದೆಂದು ಅತ್ತೆಯ ಸೀರೆಗಳ ಕೆಳಗೆ ಇಟ್ಟಿದ್ದರಂತೆ. ತಂದು ಹಿಡಿದರು. ಹದಿನೆಂಟು ಕೆಲಸ ಮಾಡುತ್ತದೆ ಎಂದು ರಟ್ಟಿನ ಮೇಲೆ ಬರೆದಿತ್ತು. ಇನ್ನೂ ಒಂದನ್ನೂ ಮಾಡಿರಲಿಲ್ಲ.

"ಇದು ಏನೂ ಮುಟ್ಟಿಲ್ಲವ್ವಾ. ಹುಟ್ಟೇ ಇಲ್ಲ ಇನ್ನಾ."

ಅತ್ತೆ ಒಪ್ಪಿದರು. ಆದರೆ ಅದು ಗಟ್ಟಿ ಪ್ಲಾಸ್ಟಿಕ್ಕಿನ ಕವಚದೊಳಗೆ, ಸುತ್ತಲೂ ಕರಗಿಸಿ ಅಂಟಿಸಿದ ಅಂಚಿನೊಳಗೆ ಕೂತಿತ್ತು. ಅದನ್ನು ಬಿಚ್ಚಲು ಕತ್ತರಿ ಬೇಕು. ಕತ್ತರಿ ಪೂಜೆಯಲ್ಲಿತ್ತು. ಗಂಡ ಎರಡೂ ಕೈಯಿಂದ ಎಳೆದು ಬೆರಳು ಕೊಯ್ದುಕೊಂಡರು. ಮೈದುನ ಹಲ್ಲು ಹಾಕಲು ಬಾಯಿ ತೆರೆದ.

"ಎಂಜಲ!" ಎಂದು ಮೂವರೂ ಕೂಗಿದೆವು.

ಒಲೆಯ ಮೇಲೆ ಹಿಡಿಯೋಣ ಅಂದ ಮೈದುನ. ಸುಟ್ಟ ವಾಸನೆಯಲ್ಲಿ ಪೂಜೆ ಹೇಗೆ ಎಂದು ಅದೂ ಬಿದ್ದುಹೋಯಿತು. ಹದಿನೆಂಟು ಕೆಲಸ ಬಲ್ಲ ಉಪಕರಣ ಪಾರದರ್ಶಕ ಗೋಡೆಯ ಹಿಂದೆ ಮಲಗಿ ನಮ್ಮನ್ನು ನೋಡುತ್ತಿತ್ತು. ನನ್ನ ಮೂರು ಪಾಪಿಗಳು ಪಕ್ಕದಲ್ಲಿ ಬಿದ್ದಿದ್ದವು.

ಕೊನೆಗೆ ತೀರ್ಪು ಕೊಟ್ಟವರು ಅತ್ತೆಯೇ. ದನಿ ಸಣ್ಣದಾಗಿತ್ತು. "ಗುಡಿ ಬಾಗಲ ಮಟಾ ಚಪ್ಲಿ ಹಾಕ್ಕಂಡ ಬರ್ತೀವಲ್ಲ. ಹೊರಗ ಬಿಟ್ಟು ಒಳಗ ಹೋಗ್ತೀವಿ. ಹಂಗ, ಆ ಮೂರರಾಗ ಯಾವುದಾರ ಒಂದು ಕವರ್ ಹರೀಲಿ. ಒಳಗಿಂದು ಮುಟ್ಟಬಾರದು. ನೋಡಪಾ."

ಯಾವುದು ಎಂದು ಗಂಡ ನನ್ನತ್ತ ನೋಡಿದರು. ಜೀವನದಲ್ಲಿ ಮೊದಲ ಸಲ ಒಂದು ಮಲ್ಟಿಟೂಲನ್ನು ನಿಜವಾಗಿ ಆರಿಸಬೇಕಾಗಿತ್ತು. ದೊಡ್ಡದರ ಚಾಕು ಚೂಪು, ಆದರೆ ಆಳಕ್ಕಿಳಿದು ಹೊಸದನ್ನು ಮುಟ್ಟೀತು. ತಗಡು ಪ್ಲಾಸ್ಟಿಕ್ಕಿನ ಮೇಲೂ ನಿಷ್ಪ್ರಯೋಜಕ. ಹೆಬ್ಬೆರಳಿನಷ್ಟು ಕತ್ತರಿಯನ್ನು ಬಿಚ್ಚಿ ಅಂಚಿನ ಗುಂಟ ಇಲಿಯ ಹಾಗೆ ಕಡಿಯುತ್ತ ಹೋದೆ. ಮೈದುನ ಬಗ್ಗಿ ನೋಡುತ್ತ, "ಜಾಗ್ರತ್ತ ವದಿನಾ, ಎಡಕ್ಕ, ಎಡಕ್ಕ," ಎಂದು ಬಸ್ಸು ಹಿಂದಕ್ಕೆ ತೆಗೆಸುವ ಕ್ಲೀನರಿನಂತೆ ಹೇಳುತ್ತಿದ್ದ. ಕವಚ ಬಾಯಿ ಬಿಟ್ಟಿತು. ಗಂಡ ಅದನ್ನು ಮಡಿನೀರಿನ ಮೇಲೆ ಬೋರಲು ಹಾಕಿದರು. ಹೊಸದು ತಂಬಿಗೆಯೊಳಗೆ ಬಿತ್ತು.

ಇನ್ನು ಬಿಚ್ಚುವ ಕೆಲಸ. ಕರಡಿಗೆ ಅತ್ತೆಯ ಕೈ ಬಿಟ್ಟು ಹೋಗುವಂತಿಲ್ಲ. ಆ ನಡುಗುವ ಅಂಗೈ ಮೇಲೆಯೇ ಬಿಚ್ಚಬೇಕು. ಒಳಗಿನ ಲಿಂಗಕ್ಕೆ ಮೊನೆ ತಗುಲಬಾರದು. ಗಂಡನ ಬೆರಳಿಂದ ರಕ್ತ ಬರುತ್ತಿತ್ತು. ಮೈದುನನನ್ನು ಕೇಳುವ ಹಾಗೇ ಇರಲಿಲ್ಲ. ಅತ್ತೆ ನನ್ನ ಕಡೆ ಕೈ ಚಾಚಿದರು.

ನನ್ನ ಕೈ ಏನೇನು ಮುಟ್ಟಿದೆ ಎಂದು ಅವರು ಕೇಳಲಿಲ್ಲ. ಅರ್ಧ ದಿನ ಚಾಕುಗಳ ಚರಿತ್ರೆ ಕೇಳಿದವರು! ನಾನೇ ಹೇಳಲು ಹೊರಟೆ. "ಅತ್ತಿ, ನನ್ನ ಕೈ..."

"ಕೈ ತೊಳ್ಕಂಡ್ರ ಆತು. ಕಬ್ಬಿಣದಂಗ ನೆನಪಿಟ್ಕಂಡ ಕುಂದ್ರಂಗಿಲ್ಲ ಅದು. ಲಗೂನ ತಗಿ, ಕಣ್ಣ ಕತ್ತಲ ಬರಾಕ ಹತ್ತೇತಿ."

ಕೈ ತೊಳೆದು ಬಂದೆ. ಎಡಗೈಯಲ್ಲಿ ಅವರ ಅಂಗೈಯನ್ನು ಕೆಳಗಿನಿಂದ ಹಿಡಿದೆ. ಅದು ತಣ್ಣಗಿತ್ತು. ಹದಿನೆಂಟರಲ್ಲಿ ಅತಿ ಮೊಂಡಾದದ್ದನ್ನು ಹುಡುಕಿದೆ: ಡಬ್ಬಿಗಳ ಮುಚ್ಚಳ ಎಬ್ಬಿಸುವ ಚಪ್ಪಟೆ ತುದಿ. ಅದನ್ನು ಸಂದಿಗೆ ಇಟ್ಟು ಒತ್ತದೆ, ಬರೀ ತಿರುವಿದೆ. ಟಕ್ ಎಂದಿತು. ಅತ್ತೆ ಕಣ್ಣು ಮುಚ್ಚಿದರು. ಮುಚ್ಚಳ ಮೇಲೆದ್ದಿತ್ತು, ಲಿಂಗ ಬಟ್ಟೆಯಲ್ಲಿ ಸುತ್ತಿಕೊಂಡು ಸುಮ್ಮನೆ ಕೂತಿತ್ತು.

ಹೀಗೆಂದು ನಾನು ಹೇಳುತ್ತೇನೆ. ಮುಚ್ಚಳ ಅಷ್ಟು ಹೊತ್ತಿಗೆ ಎಣ್ಣೆ ಕುಡಿದು ಸಡಿಲವಾಗಿತ್ತು, ನಾನು ಸುಮ್ಮನೆ ಮುಟ್ಟಿದೆ ಎನ್ನುತ್ತಾರೆ ಗಂಡ. ತಾನು ಎಡಕ್ಕೆ ಎಂದು ಹೇಳಿದ್ದರಿಂದ ಬಿಚ್ಚಿತು ಎನ್ನುತ್ತಾನೆ ಮೈದುನ. ಅವನು ಎಡಕ್ಕೆ ಅಂದದ್ದು ಪ್ಲಾಸ್ಟಿಕ್ಕಿನ ಹೊತ್ತಿನಲ್ಲಿ ಎಂದು ನನ್ನ ನೆನಪು, ಜಗಳಕ್ಕೆ ಹೋಗಿಲ್ಲ. ಲಿಂಗ ತಾನಾಗಿ ಹೊರಗೆ ಬಂತು ಎನ್ನುತ್ತಾರೆ ಅತ್ತೆ.

ಅವರ ಪೂಜೆ ಅಂದು ಬೇಗ ಮುಗಿಯಿತು. ಗುಳಿಗೆ ನುಂಗಿದರು, ಹೋಳಿಗೆ ಬೇಯುವವರೆಗೆ ಕಾಯದೆ ಬಾಳೆಹಣ್ಣು ತಿಂದರು, ಆಮೇಲೆ ಹೋಳಿಗೆಯನ್ನೂ ತಿಂದರು. ಸಕ್ಕರೆ ಕಾಯಿಲೆಯವರು ಹೋಳಿಗೆ ತಿನ್ನಬಾರದೆಂದು ಯಾರೂ ನೆನಪಿಸಲಿಲ್ಲ. ಮುಖಕ್ಕೆ ಬಣ್ಣ ಬಂದ ಮೇಲೆ ಮೊದಲು ಮಾಡಿದ ಕೆಲಸ ಹೊಸ ಮಲ್ಟಿಟೂಲಿಗೆ ಮೂರು ಗೆರೆ ವಿಭೂತಿ ಎಳೆದು, ಹೂವಿಟ್ಟು, ಸಾಲಿನಲ್ಲಿ ಈಳಿಗೆಗಿಂತ ಮೊದಲು ಕೂರಿಸಿದ್ದು.

"ಈಗ ಇದು ಆಯುಧ," ಅಂದರು. "ಒಂದು ಕೆಲಸ ಮಾಡೇತಿ. ಇನ್ನ ಬ್ಯಾರೆದಕ್ಕ ಮುಟ್ಟಬ್ಯಾಡ್ರಿ."

ಅದು ಈಗಲೂ ಜಗುಲಿಯ ಮೇಲಿದೆ. ಅಕ್ಕಸಾಲಿಗರು ಮರುದಿನವೇ ಬಂದು ಮುಚ್ಚಳ ಸರಿ ಮಾಡಿಕೊಟ್ಟದ್ದರಿಂದ ಆ ಒಂದು ಕೆಲಸವೂ ಅದಕ್ಕಿಲ್ಲ. ಮನೆಯಲ್ಲಿರುವುದರಲ್ಲೆಲ್ಲ ಒಳ್ಳೆಯ ಉಕ್ಕು ಅದರದ್ದೇ. ದಿನವೂ ನೋಡಿ ಹೋಗುತ್ತೇನೆ.

ಊಟವಾದ ಮೇಲಿನ ಮಾತೊಂದಿದೆ. ಅದು ಆ ದಿನದ್ದೋ ಮರುದಿನ ಉಳಿದ ಹೋಳಿಗೆ ತಿಂದಾಗಿನದ್ದೋ ಖಚಿತವಿಲ್ಲ; ಡೈರಿಯಲ್ಲಿ ಆ ದಿನದ ಕೆಳಗೇ ಬರೆದಿದ್ದೇನೆ. ಅತ್ತೆ ಗೋಡೆಗೊರಗಿ ಕೂತು ನಾಲಿಗೆಯಿಂದ ದವಡೆಯನ್ನು ತಡಕುತ್ತಿದ್ದರು. ಸ್ವಲ್ಪ ಹೊತ್ತು ತಡಕಿ, ನನ್ನನ್ನು ಕರೆದರು.

"ತಂಗಿ, ಅದು ಸಣ್ಣದು ಐತಲ್ಲ. ಕಡ್ಡಿ ಇರಾದು. ತಾ ಇಲ್ಲಿ."

"ಅದು ಎಂಜಲ ಅಂದ್ರಲ್ರಿ."

"ಊಟ ಆತಲ್ಲ, ಈಗ ನಂದೂ ಎಂಜಲ ಬಾಯಿ. ಬಿಸಿನೀರಾಗ ತೊಳದ ತಾ."

ತೊಳೆದು ಕೊಟ್ಟೆ. ಬಹಳ ಹೊತ್ತು ಉಪಯೋಗಿಸಿದರು. ಕೊನೆಗೆ ಕಡ್ಡಿಯನ್ನು ಅದರ ಸಂದಿಗೆ ತಳ್ಳಿ, ತಿರುವಿ ನೋಡಿ, ವಾಪಸು ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇದು ಚೊಲೊ ಐತಿ," ಅಂದರು.