ಅಣ್ಣನ ಗಾಡಿಯ ಕರಿ ಸಿಪ್ಪೆ

ಆಸ್ಪತ್ರೆಯವರು ‘ಶುಕ್ರವಾರ ಮನೆಗೆ ಕರ್ಕೊಂಡು ಹೋಗಿ’ ಅಂದದ್ದು ಸೋಮವಾರ. ಗುಣವಾಯಿತು ಎಂದು ಅದರ ಅರ್ಥವಲ್ಲ. ಇಲ್ಲಿ ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಮತ್ತೊಂದು ಸ್ಟ್ರೋಕ್ ಆದರೆ ತಡೆದುಕೊಳ್ಳುವ ಶಕ್ತಿ ದೇಹಕ್ಕಿಲ್ಲ, ಆಗುವುದು ಮನೆಯಲ್ಲೇ ಆಗಲಿ ಎಂದು. ಡಾಕ್ಟರು ಇಷ್ಟನ್ನೂ ಬಹಳ ಮೆತ್ತಗೆ ಹೇಳಿದರು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಮಾತ್ರ ಬೆರಳು ಮಡಚುತ್ತಿದ್ದೆ. ಮಂಗಳ, ಬುಧ, ಗುರು. ಅಣ್ಣ ಮನೆಗೆ ಬರುವಷ್ಟರಲ್ಲಿ ಅವನ ಕಾರಿನ ನಾಲ್ಕೂ ವೀಲ್‌ಗಳಿಗೆ ನಾನು ಹೊಡೆದಿದ್ದ ಕಪ್ಪು ರಬ್ಬರ್ ಬಣ್ಣವನ್ನು ಒಂದು ಗೀರೂ ಬೀಳದ ಹಾಗೆ ಕಿತ್ತು ತೆಗೆಯಬೇಕಿತ್ತು. ಇಂಥ ಹೊತ್ತಿನಲ್ಲಿ ಇಂಥ ಚಿಂತೆ ಮಾಡುವವನು ಎಂಥ ಮನುಷ್ಯ ಎಂದು ನನ್ನನ್ನೇ ನಾನು ಕೇಳಿಕೊಂಡೆ. ಉತ್ತರ ಹೊಳೆಯುವಷ್ಟರಲ್ಲಿ ಅದೇ ಕಾರು ವಿಜಯನಗರದ ನನ್ನ ಮನೆ ಮುಟ್ಟಿತ್ತು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಮನೆ ಬಸವೇಶ್ವರನಗರದಲ್ಲಿ. ಕಾರು ಹಳೆಯದು, ಆದರೆ ಅದರ ಅಲಾಯ್ ವೀಲ್‌ಗಳನ್ನು ಮಾತ್ರ ಹೋದ ವರ್ಷ ಹೊಸದಾಗಿ ಹಾಕಿಸಿದ್ದ. ಬೆಳ್ಳಿ ಬಣ್ಣ, ಮುಖ ಕಾಣುವಂಥ ಹೊಳಪು. ಭಾನುವಾರ ಬೆಳಿಗ್ಗೆ ಹಳೇ ಬನಿಯನ್ ಹಿಡಿದು ಕುಕ್ಕರಗಾಲಲ್ಲಿ ಕೂತರೆ ತಿಂಡಿ ಆರಿಹೋದರೂ ಏಳುತ್ತಿರಲಿಲ್ಲ. ನಾನು ಯಾವಾಗಲಾದರೂ ಕೀ ಕೇಳಿದರೆ ಒಂದೇ ಮಾತು.

“ಬೇಡ ಕಣೋ. ನಿನ್ನ ಕೈಗೆ ಕೊಟ್ರೆ ರೋಡ್ ರೋಲರ್‌ಗೂ ಗೀರು ಬೀಳುತ್ತೆ.”

ನಲವತ್ತೊಂಬತ್ತರ ವಯಸ್ಸಿನಲ್ಲಿ ಇದನ್ನು ಕೇಳಿಸಿಕೊಳ್ಳುವುದು ಅವಮಾನವೇ. ಆದರೆ ಹಿಂದೆ ಅವನ ಸ್ಕೂಟರನ್ನು ಗೋಡೆಗೆ ಉಜ್ಜಿದ್ದವನು ನಾನೇ, ಆದ್ದರಿಂದ ವಾದಿಸುವುದಕ್ಕೆ ಜಾಗವಿರಲಿಲ್ಲ.

ಆಯುಧಪೂಜೆಯಾಗಿ ಐದನೇ ದಿನ, ಶೇವ್ ಮಾಡಿಕೊಳ್ಳುತ್ತ ನಿಂತಿದ್ದ ಅಣ್ಣ ಬಚ್ಚಲಲ್ಲೇ ಬಿದ್ದ. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಎರಡೂ ಕಣ್ಣಿಗೆ ಬಲಭಾಗದ ನೋಟ ಹೋಯಿತು. ಉಳಿದದ್ದು ‘ಹೂಂ’ ಒಂದೇ. ಬಾಚಣಿಗೆ ತೋರಿಸಿದರೂ ಹೂಂ, ಲೋಟ ತೋರಿಸಿದರೂ ಹೂಂ. ಮಾತು ಕಲಿಸುವುದಕ್ಕೆ ಬರುತ್ತಿದ್ದ ಹುಡುಗಿ ಚಿತ್ರದ ಕಾರ್ಡುಗಳನ್ನು ಹಿಡಿದು ದಿನಾ ಅರ್ಧ ಗಂಟೆ ಕೂರುತ್ತಿದ್ದಳು. ಅವಳ ತಾಳ್ಮೆ ನೋಡಿ ನನಗೆ ಅಳು ಬರುತ್ತಿತ್ತು.

ಬಿದ್ದ ಮೂರನೇ ದಿನ ಅತ್ತಿಗೆ ಕೀ ಕೊಟ್ಟರು. “ಆಟೋ ಕಾಯ್ತಾ ನಿಲ್ಲೋಕಾಗಲ್ಲ ಕಣಪ್ಪಾ, ನೀನೇ ಗಾಡಿ ಓಡಿಸು.” ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣ ಐಸಿಯುನಲ್ಲಿದ್ದಾನೆ ಎಂಬುದು ಒಂದು ಕಾರಣ. ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗ್ ಬಹಳ ಕಿರಿದು ಎಂಬುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಬುದ್ಧಿ ನನ್ನದು. ಬೆಳಗಾಗುವಷ್ಟರಲ್ಲಿ ಫೋನಿನಲ್ಲಿ ಉಪಾಯವೂ ಸಿಕ್ಕಿತ್ತು. ವೀಲ್‌ಗೆ ಸ್ಪ್ರೇ ಮಾಡುವ ರಬ್ಬರ್. ಒಣಗಿದರೆ ಮೇಲೊಂದು ಚರ್ಮದ ಹಾಗೆ ಕೂರುತ್ತದೆ, ಗೀರು ಬಿದ್ದರೆ ಅದಕ್ಕೆ ಬೀಳುತ್ತದೆ, ಬೇಡವೆಂದಾಗ ಹಾಲಿನ ಕೆನೆಯಂತೆ ಎತ್ತಿ ತೆಗೆಯಬಹುದು. ವಿಡಿಯೋದ ಮನುಷ್ಯ ನಗುನಗುತ್ತ ಒಂದೇ ಎಳೆತಕ್ಕೆ ಎತ್ತಿ ತೋರಿಸಿದ.

ನಾನು ಎರಡು ತಪ್ಪು ಮಾಡಿದೆ. ದಪ್ಪಗೆ ಹೊಡೆದರೆ ಬ್ರೇಕಿಗೆ ಇಳಿದೀತು ಎಂದು ಹೆದರಿ, ಪೂಜೆಯಲ್ಲಿ ನೀರು ಚಿಮುಕಿಸಿದ ಹಾಗೆ ತೆಳ್ಳಗೆ ಹೊಡೆದೆ. ಇನ್ನೊಂದು ವಿಭೂತಿ. ಆಯುಧಪೂಜೆಯ ದಿನ ಅಣ್ಣ ನಾಲ್ಕೂ ವೀಲ್‌ಗಳ ನಡುವಿನ ಬಿಲ್ಲೆಗೆ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆದಿದ್ದ. ನಮ್ಮ ಮನೆಗಳಲ್ಲಿ ಇದು ಅಪ್ಪನ ಕಾಲದ ಸೈಕಲ್‌ನಿಂದಲೂ ನಡೆದುಕೊಂಡು ಬಂದದ್ದು. ಸ್ಪ್ರೇ ಮಾಡುವ ಮೊದಲು ವೀಲ್ ಪೂರ್ತಿ ಒರೆಸಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವನು ಅಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿರುವಾಗ ಅವನ ಕೈಯಾರೆ ಹಚ್ಚಿದ ವಿಭೂತಿಯನ್ನು ನಾನು ಇಲ್ಲಿ ಒದ್ದೆ ಬಟ್ಟೆಯಲ್ಲಿ ಅಳಿಸುವುದೇ? ಕೈ ಏಳಲಿಲ್ಲ. ಸುತ್ತಲೂ ಒರೆಸಿ, ವಿಭೂತಿಯ ಮೇಲೆಯೇ ಹೊಡೆದುಬಿಟ್ಟೆ.

ಆಮೇಲೆ ಮೂರು ತಿಂಗಳು ದಿನಾ ಅವನ ಎಡಗಡೆ ಕೂತು, ಬೇರೆ ಏನು ಮಾತಾಡಲೂ ತೋಚದೆ, ಒಂದೇ ಪಾಠ ಒಪ್ಪಿಸುತ್ತಿದ್ದೆ. “ಗಾಡಿ ಹಂಗೇ ಇದೆ ಅಣ್ಣಾ. ಒಂದು ಗೀರು ಬಿದ್ದಿಲ್ಲ.”

“ಹೂಂ.”

“ನೀನು ಮನೆಗೆ ಬಂದಾಗ ನೀನೇ ನೋಡು.”

“ಹೂಂ.”

ಆ ಮೂರು ತಿಂಗಳಲ್ಲಿ ನಾನು ಅವನಿಗೆ ಕೊಟ್ಟ ಮಾತು ಅದೊಂದೇ. ಗುಣವಾಗುತ್ತೀಯ ಎಂದು ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ.

ಸೋಮವಾರ ಸಂಜೆಯೇ ಮನೆ ಮುಂದೆ ಕೂತೆ. ಮುಂದಿನ ಎಡ ವೀಲ್‌ನ ಅಂಚಿಗೆ ಉಗುರು ಹಾಕಿದರೆ ಕೆನೆ ಏಳಲಿಲ್ಲ. ತಳ ಹಿಡಿದ ಪಾಯಸದ ಹಾಗೆ ಚೂರುಚೂರಾಗಿ ಉದುರಿತು. ಅರ್ಧ ಗಂಟೆಗೆ ಹೆಬ್ಬೆರಳಿನಷ್ಟು ಜಾಗ ಬಿಡಿಸಿದ್ದೆ. ಹೀಗಾದರೆ ನಾಲ್ಕೂ ಮುಗಿಯುವಷ್ಟರಲ್ಲಿ ಶಿವರಾತ್ರಿಯಾಗುತ್ತದೆ ಎಂದು ಗಾಬರಿಯಾಗಿ ಅಡುಗೆಮನೆಯಿಂದ ಪಾತ್ರೆ ಉಜ್ಜುವ ಸ್ಟೀಲ್ ನಾರು, ಅದು ಸಂದಿಗೆ ಹೋಗದಿದ್ದಾಗ ಸ್ಕ್ರೂಡ್ರೈವರ್ ತಂದೆ. ಎರಡನೇ ಸಲ ಒತ್ತುವಾಗ ಜಾರಿತು. ನಡುವಿನ ಬಿಲ್ಲೆಯ ಪಕ್ಕದ ಸ್ಪೋಕ್ ಕಡ್ಡಿಯ ಮೇಲೆ, ಕಿರುಬೆರಳಿನ ಉದ್ದ, ಬಿಳೀ ಗೀರು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಮೂರು ತಿಂಗಳು ಓಡಿಸಿದ್ರಿ, ಏನೂ ಆಗ್ಲಿಲ್ಲ. ನಿಂತಿರೋ ಗಾಡೀಗೆ ಗೀರು ಹಾಕಿದ್ರಲ್ಲಾ!”

ಸ್ಟೀಲ್ ನಾರನ್ನು ಅವಳ ಕೈಗೆ ವಾಪಸು ಕೊಟ್ಟೆ.

ಮಂಗಳವಾರ ಬೆಳಿಗ್ಗೆ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಗಾರ್ಮೆಂಟ್ ಘಟಕಗಳ ಹಿಂದಿನ ಓಣಿಯಲ್ಲಿ ವೀಲ್‌ಗೆ ಬಣ್ಣ ಹಾಕುವ ಸಣ್ಣ ಶೆಡ್ಡು. ನಡೆಸುತ್ತಿದ್ದವರು ಗದಗಿನ ಕಡೆಯವರು, ನನ್ನ ವಯಸ್ಸಿನವರೇ. ಬಗ್ಗಿ ನೋಡಿ, ವೀಲ್ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದರು.

“ಯಾರ್ ಹೊಡದಾರ್ರೀ ಇದನ್ನ?”

“ನಾನೇ.”

“ಹಂಗಾರ ಬೈಯಾಂಗಿಲ್ಲ ಬಿಡ್ರಿ.” ಬೈಯದೆಯೂ ಇರಲಿಲ್ಲ. “ಭಾಳ ತೆಳ್ಳಗ ಹೊಡದೀರಿ. ಚರ್ಮ ಆಗೇ ಇಲ್ಲ, ಬರೇ ಹೊಲಸು ಆಗೇತಿ.”

“ತಿನ್ನರ್ ಹಾಕಿ ಒರೆಸಿದ್ರೆ?”

“ಇದೂ ಬರ್ತೇತಿ, ಕೆಳಗಿನ ಪಾಲಿಶೂ ಅದರ ಜತಿ ಬರ್ತೇತಿ. ಮುಟ್ಟಬ್ಯಾಡ್ರಿ. ಇದನ್ನ ತೆಗೀಬೇಕಂದ್ರ ಮೊದಲ ಇದರ ಮ್ಯಾಲ ಇನ್ನಷ್ಟು ಹೊಡೀಬೇಕ್ರಿ.”

ನನಗೆ ಅರ್ಥವಾಗಲಿಲ್ಲ. ಅವರು ಸಮಾಧಾನದಿಂದ ಹೇಳಿದರು. ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಅದೇ ರಬ್ಬರನ್ನು ಐದಾರು ಸಲ, ಒಂದು ಪದರ ಆರಿದ ಮೇಲೆ ಇನ್ನೊಂದರಂತೆ, ದಪ್ಪಗೆ ಹೊಡೆಯಬೇಕು. ಹೊಸದು ಹಳೆಯದನ್ನು ಹಿಡಿದುಕೊಳ್ಳುತ್ತದೆ. ಒಂದು ಇಡೀ ದಿನ ಮುಟ್ಟಬಾರದು. ಆಮೇಲೆ ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಅಂಚನ್ನು ಉಗುರಿನಲ್ಲೋ ಹಳೇ ಪ್ಲಾಸ್ಟಿಕ್ ಕಾರ್ಡಿನಲ್ಲೋ ಎಬ್ಬಿಸಿ, ಅವಸರ ಮಾಡದೆ ಎಳೆಯಬೇಕು. ಉಳಿದ ಚೂರುಗಳನ್ನು ಮೆತ್ತನೆ ಬಟ್ಟೆಯಲ್ಲಿ ಉಜ್ಜಬೇಕು. ಕಬ್ಬಿಣದ್ದು ಯಾವುದೂ ಹತ್ತಿರ ಬರಬಾರದು.

“ಕಬ್ಬಿಣದ್ದು ಬಂದಾಗಿದೆ” ಎಂದು ಗೀರು ತೋರಿಸಿದೆ.

“ಇದು ರಿಪೇರಿ ಆಗ್ತೇತ್ರಿ. ವೀಲ್ ಬಿಚ್ಚಿ ಬಿಟ್ಟು ಹೋಗ್ರಿ, ಮುಂದಿನ ವಾರ ಕೊಡ್ತೀನಿ.”

“ಶುಕ್ರವಾರ ಬೇಕಾಗಿತ್ತು.”

“ಶುಕ್ರವಾರ ಏನೈತ್ರಿ? ಮದುವಿ?”

ಅಲ್ಲ ಎಂದೆ. ಅವರ ಹತ್ತಿರವೇ ಇನ್ನಷ್ಟು ರಬ್ಬರ್ ಡಬ್ಬಿ ಕೊಂಡು ಹೊರಟೆ.

ಅಂದು ಮಧ್ಯಾಹ್ನವೆಲ್ಲ ಟೈರಿಗೆ ಪೇಪರು ಸುತ್ತಿ, ವೀಲ್‌ನ ಕಿಂಡಿಗಳಿಗೆ ಬಟ್ಟೆ ತುರುಕಿ, ಹೊಡೆದದ್ದರ ಮೇಲೆ ಹೊಡೆದೆ. ಬುಧವಾರ ಇಡೀ ದಿನ ಗಾಡಿಯನ್ನು ಮುಟ್ಟಲಿಲ್ಲ. ಗುರುವಾರ ಬಿಸಿಲೇರಿದ ಮೇಲೆ ಹಳೇ ಲೈಬ್ರರಿ ಕಾರ್ಡು ಹಿಡಿದು ಕೂತೆ. ಅಂಚು ಎದ್ದಿತು. ಎಳೆದೆ. ಮೊದಲ ವೀಲ್ ಕಡ್ಡಿಕಡ್ಡಿಯಾಗಿ, ಹಾವು ಪೊರೆ ಬಿಟ್ಟ ಹಾಗೆ, ಒಂದೇ ಸಿಪ್ಪೆಯಾಗಿ ಕೈಗೆ ಬಂತು. ಕೆಳಗೆ ಬೆಳ್ಳಿ ಹಾಗೇ ಇತ್ತು. ತಿಂಗಳುಗಳಲ್ಲಿ ನನ್ನ ಕೈಯಿಂದ ಸರಿಯಾಗಿ ಆದ ಕೆಲಸ ಅದೊಂದೇ. ಆದರೆ ಸಿಪ್ಪೆಯನ್ನು ತಿರುಗಿಸಿದರೆ ಒಳಮೈಗೆ ಮೂರು ಬೆರಳ ವಿಭೂತಿ ಅಂಟಿಕೊಂಡು ಬಂದಿತ್ತು. ಮೂರು ವೀಲ್‌ಗಳಲ್ಲೂ ಹೀಗೇ ಆಯಿತು. ನಾಲ್ಕನೆಯದರಲ್ಲಿ, ಅದೇ ಮುಂದಿನ ಎಡದ್ದರಲ್ಲಿ, ಯಾಕೋ ವಿಭೂತಿ ಬಿಲ್ಲೆಯ ಮೇಲೇ ಉಳಿದಿತ್ತು. ಅಣ್ಣ ಎಳೆದ ಗೆರೆ ಕೊನೆಗೆ ಸ್ವಲ್ಪ ಕೆಳಕ್ಕೆ ಬಾಗಿದ್ದೂ ಕಾಣುತ್ತಿತ್ತು. ಪಕ್ಕದಲ್ಲೇ ನನ್ನ ಗೀರು.

ಸಂಜೆ ಗಾಡಿಯನ್ನು ಬಸವೇಶ್ವರನಗರಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಿದೆ. ಹೇಗೆ ನಿಲ್ಲಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅಣ್ಣನಿಗೆ ಬಲಗಡೆಯದ್ದು ಕಾಣುವುದಿಲ್ಲವಲ್ಲ. ರಿವರ್ಸ್ ತೆಗೆದು, ಗಾಡಿಯ ಮುಖ ಗೇಟಿಗೆ ಬರುವಂತೆ ಮಾಡಿದೆ. ಗೇಟಿನಿಂದ ಒಳಗೆ ಬರುವವನ ಬಲಕ್ಕೆ ಗೀರಿನ ವೀಲ್ ಬೀಳುತ್ತಿತ್ತು, ಎಡಕ್ಕೆ ಒಳ್ಳೆಯದು. ಅಣ್ಣನ ರೋಗವನ್ನು ಹೀಗೆ ಬಳಸಿಕೊಂಡ ತಮ್ಮ ನಾನೊಬ್ಬನೇ ಇರಬೇಕು.

ಅತ್ತಿಗೆ ಹೊರಗೆ ಬಂದವರು ಆ ವೀಲ್ ಮುಂದೆಯೇ ನಿಂತುಬಿಟ್ಟರು.

“ಇದು ಅವರು ಹಚ್ಚಿದ್ದಲ್ವೇನೋ?”

“ಹೂಂ ಅತ್ತಿಗೆ.”

ಬಗ್ಗಿ, ಮುಟ್ಟದೆ, ನೋಡಿದರು. “ಒರೆಸ್ಬೇಡ. ಹಂಗೇ ಇರ್ಲಿ.” ಗೀರು ಅವರ ಕಣ್ಣಿಗೆ ಬೀಳಲೇ ಇಲ್ಲ.

ಶುಕ್ರವಾರ ಹನ್ನೊಂದರ ಹೊತ್ತಿಗೆ ಆಂಬ್ಯುಲೆನ್ಸ್ ಬಂತು. ಅಣ್ಣನನ್ನು ವೀಲ್‌ಚೇರಿಗೆ ಇಳಿಸಿದರು. ಗೇಟು ದಾಟಿದ ಕೂಡಲೇ ನಾನು ಎಡಕ್ಕೆ ನಿಂತೆ. “ನೋಡಣ್ಣಾ, ನಿನ್ನ ಗಾಡಿ. ಹೇಳಿದ್ನಲ್ಲ, ಒಂದು ಗೀರು ಬಿದ್ದಿಲ್ಲ.” ಅವನು ಒಳ್ಳೆಯ ವೀಲನ್ನು ನೋಡಿದ. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

“ಇರು, ಇಲ್ಲಿ ತೋರಿಸ್ತೀನಿ” ಎಂದು ಅತ್ತಿಗೆ ಕುರ್ಚಿಯ ಹಿಡಿ ಹಿಡಿದು ಆಚೆ ಬದಿಗೆ ತಳ್ಳಿಕೊಂಡು ಹೋಗಿ, ಪೂರ್ತಿ ತಿರುಗಿಸಿ, ವೀಲ್ ಎದುರಿಗೇ ನಿಲ್ಲಿಸಿದರು. ಬೇಡ ಎನ್ನಲು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. “ನೋಡ್ರೀ, ಹಬ್ಬಕ್ಕೆ ನೀವು ಹಚ್ಚಿದ ವಿಭೂತಿ. ಹಂಗೇ ಇದೆ ನೋಡ್ರೀ.”

ಅಣ್ಣ ಬಹಳ ಹೊತ್ತು ನೋಡಿದ. ಎಡಗೈ ನಿಧಾನವಾಗಿ ಎತ್ತಿ ಚಾಚಿದ. ವಿಭೂತಿಯನ್ನು ಮುಟ್ಟುತ್ತಾನೆ ಎಂದು ಅತ್ತಿಗೆ ಕುರ್ಚಿಯನ್ನು ಇನ್ನಷ್ಟು ಮುಂದೆ ತಳ್ಳಿದರು. ಬೆರಳು ವಿಭೂತಿಯನ್ನು ದಾಟಿ ಹೋಯಿತು. ಕಡ್ಡಿಯ ಮೇಲೆ ನಿಂತಿತು.

“ಗೀರು” ಎಂದ.

ಅತ್ತಿಗೆ ನನ್ನ ಕಡೆ ತಿರುಗಿ, “ಮಾತಾಡಿದ್ರು ಕಣೋ! ಮಾತಾಡಿದ್ರು!” ಎಂದು ಅತ್ತರು, ನಕ್ಕರು, ನನ್ನ ತೋಳು ಹಿಡಿದು ಅಲುಗಾಡಿಸಿದರು. ಏನು ಮಾತಾಡಿದ ಎಂಬ ಕಡೆ ಅವರ ಗಮನವೇ ಇರಲಿಲ್ಲ. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಮುಖದ ಬಲಭಾಗ ಸತ್ತಿತ್ತು, ಆದ್ದರಿಂದ ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಅದಾದ ಮೇಲೆ ಹದಿನಾರು ದಿನ ಇದ್ದ. ಮತ್ತೆ ಮಾತು ಬರಲಿಲ್ಲ, ಹೂಂ ಕೂಡ ಕಡಿಮೆಯಾಯಿತು. ಮಾತು ಕಲಿಸುತ್ತಿದ್ದ ಆ ಹುಡುಗಿಗೆ ಫೋನ್ ಮಾಡಿ ಹೇಳಿದಾಗ ಅವಳು, “ಮೂರು ತಿಂಗಳಿಂದ ನೀವು ದಿನಾ ಆ ಪದ ಹೇಳ್ತಿದ್ರಲ್ಲ ಸಾರ್, ಅದೇ ತಲೇಲಿ ಕೂತಿರುತ್ತೆ” ಅಂದಳು. ಇರಬಹುದು. ಗೀರನ್ನು ನೋಡಿ ಹೇಳಿದನೋ, ನನ್ನ ಸುಳ್ಳನ್ನೇ ತಿರುಗಿ ಹೇಳಿದನೋ. ನನಗಂತೂ ಯಾವುದಾದರೂ ಅಷ್ಟೇ. ನಲವತ್ತೊಂಬತ್ತು ವರ್ಷದಿಂದ ನನ್ನ ಬಗ್ಗೆ ಅವನು ಹೇಳುತ್ತ ಬಂದದ್ದನ್ನೇ ಕೊನೆಗೂ ಹೇಳಿ ಹೋದ.

ಸಮಾಧಿ ಮಾಡುವ ಮೊದಲು ಕೂರಿಸಿದ ದೇಹದ ಹಣೆಗೆ ಸ್ವಾಮಿಗಳು ವಿಭೂತಿ ಹಚ್ಚುವಾಗ ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಎಳೆದ ಗೆರೆ ಕೊನೆಯಲ್ಲಿ ಬಾಗಲಿಲ್ಲ.

ಗಾಡಿ ಈಗ ನನ್ನ ಹತ್ತಿರವೇ ಇದೆ. ಅತ್ತಿಗೆ ತಾವು ಓಡಿಸಲ್ಲ, ಮಾರಲೂ ಬೇಡ ಅಂದರು. ಕಾಮಾಕ್ಷಿಪಾಳ್ಯದ ಶೆಡ್ಡಿನವರು ಒಮ್ಮೆ ಸಿಗ್ನಲ್‌ನಲ್ಲಿ ಸಿಕ್ಕಿ, “ಆ ವೀಲ್ ತರಲೇ ಇಲ್ಲಲ್ರೀ, ಒಂದ್ ವಾರದಾಗ ಮಾಡಿಕೊಡ್ತಿದ್ನಿ” ಎಂದು ಕೂಗಿದರು. ತರ್ತೀನಿ ಎಂದೆ. ಯುಗಾದಿಯ ಹಿಂದಿನ ವಾರ ಬಿದ್ದ ಮೊದಲ ಮಳೆಗೆ ಗಾಡಿ ರಸ್ತೆಯಲ್ಲಿತ್ತು. ವಿಭೂತಿ ಆ ಮಳೆಗೇ ಹೋಯಿತು. ಗೀರು ಇದೆ. ಭಾನುವಾರ ಅವನ ಹಳೇ ಬನಿಯನ್‌ನಲ್ಲಿ ಅದರ ಸುತ್ತ ಒರೆಸುತ್ತೇನೆ.