ಹೆಬ್ಬೆರಳಿಗೆ ತಕ್ಕ ಗುಂಡಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುವವರು ನಮ್ಮ ಅತ್ತಿಗೆಯ ಹಟ ನೋಡಿಲ್ಲ. ಅವಳು ದರ್ಜಿ. ಹಗಲೆಲ್ಲ ಅಂಗಡಿಯಲ್ಲಿ ಮಿಷನ್ ತುಳಿಯುತ್ತಾಳೆ, ಸಂಜೆ ಬೀದಿ ತುದಿಯ ಗೇಮ್ ಸೆಂಟರಿನ ಕಂಪ್ಯೂಟರಿನಲ್ಲಿ ಕೋಟೆ ಹಿಡಿಯುವ ಆಟ ಆಡುತ್ತಾಳೆ. ಆ ಹೊತ್ತಿಗೆ ಒಲೆ ಅಣ್ಣನದು, ಅವನು ತುಟಿಪಿಟಿಕ್ಕೆನ್ನುವುದಿಲ್ಲ. ಆಟದ ನಾಲ್ವರ ತಂಡದಲ್ಲಿ ಹೆಂಗಸು ಅವಳೊಬ್ಬಳೇ. ಹೋದ ವರ್ಷ ಬಿದ್ದು ಎಡಗೈ ಮುರಿದುಕೊಂಡಳು. ಮೂಳೆ ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಬಟ್ಟೆ ಸರಿಸಲು ಅಂಗೈ ಸಾಕು, ಕೀಬೋರ್ಡಿಗೆ ಸಾಲದು.

ಆಟ ಬಿಟ್ಟಳೇ? ಬಿಟ್ಟರೆ ಅವಳು ನಮ್ಮ ಅತ್ತಿಗೆಯೇ ಅಲ್ಲ. ಹೆಬ್ಬೆರಳ ಕಡೆಗೆ ಸಾಲು ಗುಂಡಿಗಳಿರುವ ಮೌಸ್ ತಂದಳು. ಕೀಬೋರ್ಡಿನ ಕೆಲಸವನ್ನೆಲ್ಲ ಆ ಗುಂಡಿಗಳಿಗೆ ಹಂಚುವ ಹೊಣೆ ನನ್ನ ತಲೆಗೆ ಬಂತು. ಓಡುವುದು ಕೆಳಗೆ, ಪಕ್ಕಕ್ಕೆ ಸರಿಯುವುದು ನಡುವೆ, ಬಾಂಬು ತುತ್ತತುದಿಗೆ. ಗುರಾಣಿಯನ್ನು ಎಲ್ಲೋ ಮೂಲೆಗೆ ತಳ್ಳಿದೆ. ಪರದೆಯ ಮೇಲೆ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಆಟ ಶುರುವಾದದ್ದೇ ತಡ, ಅನಾಹುತ. ಅತ್ತಿಗೆ ಓಡಿ ನಿಂತಾಗಲೆಲ್ಲ ತನ್ನವರ ಕಾಲ ಬುಡದಲ್ಲೇ ಬಾಂಬು ಹಾಕುತ್ತಿದ್ದಳು. ತಂಡದ ನಾಯಕ, ಪಕ್ಕದ ಸಲೂನಿನವನು, ಸತ್ತು ಸತ್ತು ಸಾಕಾಗಿ ಹೆಡ್‌ಫೋನ್ ತೆಗೆದಿಟ್ಟ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಭಾನುವಾರದ ಪಂದ್ಯಕ್ಕೆ ಬೇರೆಯವರನ್ನ ಹಾಕ್ಕೋತೀವಿ.”

ಅತ್ತಿಗೆಯ ಮುಖ ಸಪ್ಪಗಾಯಿತು. ನನಗೆ ಮೈಯೆಲ್ಲ ಉರಿಯಿತು. “ನಾಳೆ ಒಂದು ದಿನ ನೋಡಪ್ಪ, ಆಮೇಲೆ ನಿನ್ನಿಷ್ಟ” ಎಂದು ಅವಳನ್ನು ಎಳೆದುಕೊಂಡು ಬಂದೆ.

ಮರುದಿನ ಅಂಗಡಿಯಲ್ಲಿ ಕೂತು ಅವಳ ಕೈಯನ್ನೇ ನೋಡಿದೆ. ಹೊಲಿಗೆ ಮುಗಿಯುವಲ್ಲಿ ದಾರ ಬಿಚ್ಚದಿರಲೆಂದು ಬಲಗೈ ಹೆಬ್ಬೆರಳಿನಿಂದ ಮಿಷನ್ನಿನ ಸಣ್ಣ ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆ ಎರಡು ಹೊಲಿಗೆ ಹಾಕುತ್ತಿದ್ದಳು. ಪ್ರತಿ ಸಲವೂ, ನನ್ನ ಜೊತೆ ಹರಟುತ್ತಲೇ.

“ಅತ್ತಿಗೆ, ನಿಮ್ಮ ಹೆಬ್ಬೆರಳು ನೋಡಿ.”

ನೋಡಿದಳು, ನಕ್ಕುಬಿಟ್ಟಳು. “ಮಿಷನ್ ಆಗ್ಲಿ ಆಟ ಆಗ್ಲಿ, ಓಡಿ ನಿಂತ ಕೂಡಲೇ ತಾನಾಗೇ ಮೇಲೆ ಹೋಗುತ್ತೆ ಕಣೇ. ಇಷ್ಟು ವರ್ಷದ ಅಭ್ಯಾಸ, ಬಿಡು ಅಂದ್ರೆ ಬಿಡುತ್ತಾ? ಹೋಗ್ಲಿ ಅದರ ಪಾಡಿಗೆ. ಅಲ್ಲಿ ಬಾಂಬ್ ಬೇಡ, ಗುರಾಣಿ ಇಡು.”

ಇಟ್ಟೆ. ಆ ಸಂಜೆ ಅವಳ ಕೈಯಲ್ಲಿ ನಮ್ಮವರು ಯಾರೂ ಸಾಯಲಿಲ್ಲ. ನಾಯಕ ಗೊಣಗುತ್ತಲೇ ಒಪ್ಪಿದ.

ಭಾನುವಾರ ಗೆಲ್ಲುತ್ತ ಗೆಲ್ಲುತ್ತ ಕೊನೆಯ ಪಂದ್ಯಕ್ಕೆ ಬಂದರು. ಬಾವುಟ ಹಿಡಿದು ಎದುರಾಳಿಯ ಕೋಟೆ ಬಾಗಿಲು ದಾಟಿದರೆ ಗೆಲುವು. ನಾಲ್ವರೂ ಬಾಗಿಲ ಹತ್ತಿರ ಓಡಿ ನಿಂತರು. ಎದುರಾಳಿಗಳು ಕಾಯುತ್ತಿದ್ದದ್ದೇ ಅದಕ್ಕೆ. ಗೋಡೆಯ ಮೇಲಿಂದ ಒಂದೇ ಸಮನೆ ಬಾಣ. ನಾಯಕನೂ ಉಳಿದಿಬ್ಬರೂ ನಿಂತಲ್ಲೇ ನೆಲ ಕಚ್ಚಿದರು. ಅತ್ತಿಗೆಯ ಹೆಬ್ಬೆರಳು ಆಗಲೇ ಮೇಲಕ್ಕೆ ಹೋಗಿತ್ತು. ಗುರಾಣಿಯ ಹಿಂದೆ ಒಂದು ಕೂದಲೂ ಕೊಂಕದೆ ನಿಂತಿದ್ದಳು.

ಅವಳು ನಾಯಕನ ಕೈಯಿಂದ ಬಿದ್ದ ಬಾವುಟ ಎತ್ತಿಕೊಂಡಳು. ಓಡಿದಳು, ನಿಂತಳು, ಗುರಾಣಿ. ಓಡಿದಳು, ನಿಂತಳು, ಗುರಾಣಿ. ಬಾಗಿಲು ದಾಟಿಯೇಬಿಟ್ಟಳು.

ಇಡೀ ಸೆಂಟರ್ ಎದ್ದು ಕೂಗಿತು. ನಾನು ಅತ್ತೇಬಿಟ್ಟೆ, ಹೇಳಲು ನಾಚಿಕೆಯಿಲ್ಲ. ನಾಯಕ ಅವಳ ಕುರ್ಚಿಯ ಬಳಿ ಬಂದು ತಲೆ ಕೆರೆದುಕೊಂಡ.

“ಅಕ್ಕ, ನಾಳೆ ಸಂಜೆ ಬರ್ತೀರಲ್ವಾ?”

“ಬರದೆ ಏನು? ಆದ್ರೆ ಇನ್ಮೇಲೆ ಮುಂದೆ ನಾನು ಹೋಗ್ತೀನಿ. ನೀವೆಲ್ಲ ನನ್ನ ಹಿಂದೆ ಬನ್ನಿ.”